ಒಗೆಯುವ ಕಲ್ಲಿನ ಮೇಲೆ ಪ್ರಾರ್ಥನೆ

ಜೀವರತ್ನಮ್ಮ ಪ್ರಾರ್ಥನೆಗೆ ಎದ್ದು ನಿಂತರು ಅಂದರೆ, ಮನೆಯಲ್ಲಿ ಒಲೆ ಮೇಲೆ ಬೇಳೆ ಇಟ್ಟು ಬಂದವರ ಕಥೆ ಮುಗೀತು ಅಂತಲೇ ಲೆಕ್ಕ. ಅವರ ಆಮೆನ್ ಅಷ್ಟು ಸುಲಭಕ್ಕೆ ಬರುತ್ತಿರಲಿಲ್ಲ. ಮೂವತ್ತೆರಡು ವರ್ಷ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವರು. ಡಾಕ್ಟರ ಮುಂದೆ ಹೇಗೆ ಕೇಸು ಬಿಡಿಸಿ ಹೇಳುತ್ತಿದ್ದರೋ ದೇವರ ಮುಂದೆಯೂ ಹಾಗೇ. ಯಾರಿಗೆ ಏನು ಕಾಯಿಲೆ, ಎಷ್ಟು ದಿನದಿಂದ, ಇಲ್ಲಿಯವರೆಗೆ ಏನೇನು ಔಷಧಿ ಆಯ್ತು, ಇನ್ನು ಮುಂದೆ ನೀನು ಏನು ಮಾಡಬೇಕು. ಎಲ್ಲ ಹೇಳಿ ಕೊನೆಗೆ "ತಡ ಮಾಡಬೇಡ ಕರ್ತನೇ" ಅಂತ ಎಚ್ಚರಿಕೆ ಬೇರೆ. ದೇವರು ಕೇಳಿಸಿಕೊಂಡೇ ಕೇಳಿಸಿಕೊಳ್ಳುತ್ತಾನೆ ಅನ್ನೋದರಲ್ಲಿ ಆ ತಾಯಿಗೆ ಒಂದು ದಿನವೂ ಅನುಮಾನ ಬಂದದ್ದಿಲ್ಲ.

ಅವರ ಕ್ರೈಸ್ತ ಸಭೆ ಸೇರುತ್ತಿದ್ದದ್ದು ಇಟ್ಟಮಡುವಿನಲ್ಲಿ, ಶಂಭುಲಿಂಗಪ್ಪನವರ ಫ್ಲೋರ್ ಮಿಲ್ಲಿನ ಮೇಲಿದ್ದ ಒಂದೇ ಒಂದು ಬಾಡಿಗೆ ಕೋಣೆಯಲ್ಲಿ. ಮೂವತ್ತು ಕುಟುಂಬ. ಎಲ್ಲರೂ ಹೊರಗಿನಿಂದ ಬಂದವರೇ, ತುಮಕೂರು, ಕೋಲಾರ, ಕೊಳ್ಳೇಗಾಲ ಅಂತ. ಕೆಳಗೆ ಮಿಲ್ಲಿಗೆ ಭಾನುವಾರವೇ ಒಳ್ಳೇ ವ್ಯಾಪಾರ. ರಾಗಿ ಬೀಸಿದರೆ ಚಿಂತೆಯಿಲ್ಲ, ವರ್ಷಕ್ಕಾಗುವಷ್ಟು ಖಾರದಪುಡಿ ಮಾಡಿಸೋಕೆ ಯಾರಾದರೂ ಬಂದರೋ, ಮೇಲೆ ಪಾದ್ರಿ ಸುಜ್ಞಾನ ಅಯ್ಯನೋರ ಪ್ರಸಂಗದಲ್ಲಿ ಮಾತಿಗೊಂದು ಸೀನು! ರೊಟ್ಟಿ, ದ್ರಾಕ್ಷಾರಸ ಇಡುವ ಕರ್ತನ ಮೇಜಿಗೆ ಹಾಸಿದ ಬಿಳಿ ಬಟ್ಟೆ ಆರಾಧನೆ ಮುಗಿಯೋ ಹೊತ್ತಿಗೆ ಕೆಂಪಗಾಗಿರುತ್ತಿತ್ತು. ಅದನ್ನು ಮನೆಗೆ ಒಯ್ದು ಒಗೆದು ತರುವ ಕೆಲಸ ಜೀವರತ್ನಮ್ಮನದು. ಸೋಮವಾರ ಸಂಜೆತನಕ ಅವರ ಕೈ ಉರಿಯುತ್ತಿತ್ತು.

"ಕರ್ತನೇ, ನಿನ್ನ ಮಕ್ಕಳು ಸೀನದೆ ಕೂರೋಕೆ ಒಂದು ಜಾಗ ಕೊಡು" ಅಂತ ಅವರು ಬೇಡಿಕೊಂಡು ಆರು ವರ್ಷವಾಗಿತ್ತು. ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ ಏಪ್ರಿಲ್‌ನಲ್ಲಿ ಶಂಭುಲಿಂಗಪ್ಪನವರು ಮೆಟ್ಟಿಲು ಹತ್ತಿ ಬಂದು, "ಬೇಜಾರ್ ಮಾಡ್ಕೋಬೇಡಿ ಸ್ವಾಮಿ, ಮೇಲ್ಗಡೆ ರೂಮನ್ನ ಕಂಪ್ಯೂಟರ್ ಕ್ಲಾಸಿನೋರು ಕೇಳ್ತಾವ್ರೆ. ನಿಮ್ಮ ಕ್ರಿಸ್‌ಮಸ್ ಹತ್ತಿರ ಬರೋವಷ್ಟರಲ್ಲಿ ಖಾಲಿ ಮಾಡ್ಕೊಡಿ" ಅಂದುಬಿಟ್ಟರು. ಸುಜ್ಞಾನ ಅಯ್ಯನೋರ ಮುಖ ಇಳಿದುಹೋಯಿತು. ಸಭೆಯ ಕಾರ್ಯದರ್ಶಿ ಜಯಶೀಲ, ಬಸ್ ಡಿಪೋದಲ್ಲಿ ಗುಮಾಸ್ತ, ಊರೆಲ್ಲ ಸುತ್ತಿ ಬಂದು, "ಪ್ರಾರ್ಥನೆಗೆ ಅಂದ್ರೆ ಯಾರೂ ಬಾಡಿಗೆಗೆ ಕೊಡಲ್ಲ ಅಮ್ಮ, ಹಾಡು ಜೋರು ಅಂತಾರೆ" ಅಂದ. ಜೀವರತ್ನಮ್ಮ ಮಾತ್ರ ಸೆರಗು ಬಿಗಿದು ನಿಂತರು.

"ಯೆರಿಕೋ ಪ್ರಾರ್ಥನೆ ಮಾಡೋಣ" ಅಂದರು.

ಹಿಂದೆ ಯೆರಿಕೋ ಅನ್ನೋ ಪಟ್ಟಣದ ಸುತ್ತ ದೇವಜನ ಆರು ದಿನ ಬಾಯಿ ಬಿಡದೆ ನಡೆದು, ಏಳನೇ ದಿನ ಏಳು ಸುತ್ತು ಹಾಕಿ ಕೂಗಿದಾಗ ಗೋಡೆಯೇ ಬಿತ್ತಂತೆ. ಹಾಗೇ ಬೇಕಾದ ಜಾಗವನ್ನು ಏಳು ದಿನ ಸುತ್ತಿ ಕೇಳೋದು ಅವರಲ್ಲಿ ರೂಢಿ. ಆರು ದಿನ ತುಟಿ ಪಿಟ್ಟೆನ್ನೋ ಹಾಗಿಲ್ಲ, ಅದು ಕಟ್ಟುನಿಟ್ಟು. ಇಟ್ಟಮಡುವಿನ ಹಿಂದೆ ಇಳಿಜಾರಿನಲ್ಲಿ ಒಂದು ಖಾಲಿ ಬಯಲಿತ್ತು. ಮುಳ್ಳುಗಿಡ, ಯಾರೋ ತಂದು ಸುರಿದ ಒಡೆದ ಇಟ್ಟಿಗೆ, ಸಿಮೆಂಟು ಚೂರು. ನಡುವೆ ಇಳಿಜಾರಾಗಿ ಮಲಗಿದ್ದ ಒಂದು ದೊಡ್ಡ ನುಣ್ಣನೆ ಕಲ್ಲು. ಜೀವರತ್ನಮ್ಮ ಅದಕ್ಕೇ ಬೆರಳು ತೋರಿಸಿದರು.

ಬೆಳಗ್ಗೆ ಐದೂವರೆಗೆ ನಡಿಗೆ ಶುರು. ಮುಂದೆ ಜೀವರತ್ನಮ್ಮ, ಹಿಂದೆ ಅಯ್ಯನೋರು, ಜಯಶೀಲ, ಅವರ ಹಿಂದೆ ಪ್ರಾರ್ಥನಾ ಕೋಣೆಯ ಕಸ ಗುಡಿಸುವ ದಾನಮ್ಮ, ಆಮೇಲೆ ಉಳಿದವರು. ಮೂರನೇ ದಿನ ಬಯಲಿನ ಮೇಲ್ಗಡೆ ಮನೆಯ ಲಕ್ಷ್ಮಿದೇವಮ್ಮ, ಹಳೇ ಊರಿನವರು, ಹಸುವಿಗೆ ಹುಲ್ಲು ಹಾಕುತ್ತಿದ್ದವರು ಬೇಲಿ ಹತ್ತಿರ ಬಂದು, "ಏನಮ್ಮ ಇದು, ಏನನ್ನ ಸುತ್ತಾ ಇದ್ದೀರಿ ಅಂತ ಗೊತ್ತಾ ನಿಮಗೆ?" ಅಂತ ಕೇಳಿದರು. ಜೀವರತ್ನಮ್ಮನ ನಾಲಿಗೆ ತುರಿಸಿತು. ಆದರೆ ನೇಮ ನೇಮವೇ. ತುಟಿ ಮೇಲೆ ಬೆರಳಿಟ್ಟು, ನಕ್ಕು, ಮುಂದೆ ಹೋದರು. ಅವತ್ತು ಒಂದು ಮಾತು ಆಡಿದ್ದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು!

ಏಳನೇ ದಿನ ಏಳು ಸುತ್ತು ಮುಗಿಸಿ ಜೀವರತ್ನಮ್ಮ ಆ ನುಣ್ಣನೆ ಕಲ್ಲು ಹತ್ತಿ ನಿಂತು, ಆರು ದಿನದ ಮೌನವನ್ನೆಲ್ಲ ಸೇರಿಸಿ ಮುಕ್ಕಾಲು ಗಂಟೆ ಪ್ರಾರ್ಥನೆ ಮಾಡಿದರು. "ಈ ಕಲ್ಲೇ ನಮ್ಮ ಮೂಲೆಗಲ್ಲಾಗಲಿ" ಅಂತಲೂ ಕೇಳಿಬಿಟ್ಟರು. ಜನರೆಲ್ಲ ಆಮೆನ್ ಅಂದದ್ದು ರಿಂಗ್ ರೋಡಿನವರೆಗೂ ಕೇಳಿಸಿರಬೇಕು. ಕಣ್ಣು ತೆರೆದರೆ ಎದುರಿಗೆ ಲಕ್ಷ್ಮಿದೇವಮ್ಮನ ಗಂಡ ತಿಮ್ಮರಾಯಪ್ಪ ನಿಂತಿದ್ದರು. ಹಳೇ ಬೇಸಾಯಗಾರರು, ಈಗ ನಾಲ್ಕು ಮನೆ ಬಾಡಿಗೆಗೆ ಬಿಟ್ಟವರು, ನಗುಮುಖದ ಮನುಷ್ಯ.

"ವಾರದಿಂದ ನೋಡ್ತಾವ್ನಿ. ಏನಮ್ಮಾ, ಈ ಜಾಗದ ಮ್ಯಾಲೆ ಕಣ್ಣಾ?"

"ಹೌದಣ್ಣ. ದೇವರನ್ನ ಕೇಳ್ತಾ ಇದ್ದೀವಿ."

"ದೇವ್ರನ್ಯಾಕೆ, ನನ್ನ ಕೇಳಬಾರ್ದಾ? ನಂದೇ ಇದು, ನಮ್ಮಪ್ಪನ ಕಾಲದ ಪತ್ರ ಐತೆ. ಆ ಕಲ್ಲಿನ ಸುತ್ತ ನಲವತ್ತು ಅರವತ್ತು ಅಡಿ ಸೈಟು ತಗೊಳ್ಳಿ. ದಾನ!"

ಜಯಶೀಲ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ಅಯ್ಯನೋರು ತಿಮ್ಮರಾಯಪ್ಪನ ಎರಡೂ ಕೈ ಹಿಡಿದು ಬಿಡಲೇ ಇಲ್ಲ. ಅದೇ ವಾರ ದಾನಪತ್ರ ರಿಜಿಸ್ಟರೂ ಆಗಿಹೋಯಿತು. ದಾನ ಕೊಟ್ಟವರಿಗೇ ಪಡೆದವರಿಗಿಂತ ಆತುರ ಜಾಸ್ತಿ ಇತ್ತು, ಆದರೆ ಖುಷಿಯಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಜೂನ್ ಎರಡನೇ ಭಾನುವಾರ ಜೀವರತ್ನಮ್ಮ ಸಭೆಯಲ್ಲಿ ಸಾಕ್ಷಿ ಹೇಳೋದು, ಅಂದರೆ ದೇವರು ಮಾಡಿದ ಉಪಕಾರವನ್ನ ಎಲ್ಲರ ಮುಂದೆ ಎದ್ದು ನಿಂತು ಹೇಳೋದು, ಆಮೇಲೆ ಅಸ್ತಿವಾರದ ಪ್ರಾರ್ಥನೆ ಅಂತ ನಿಶ್ಚಯವಾಯಿತು.

ಅದಕ್ಕೆ ಮುಂಚಿನ ಶುಕ್ರವಾರ ಜೀವರತ್ನಮ್ಮ ಒಂದು ಡಬ್ಬಿ ರವೆ ಉಂಡೆ ಕಟ್ಟಿಕೊಂಡು ತಿಮ್ಮರಾಯಪ್ಪನ ಮನೆಗೆ ಹೋದರು. ಹಿತ್ತಲಲ್ಲಿ ಲಕ್ಷ್ಮಿದೇವಮ್ಮ ಮಂಡಿ ನೋವಿಗೆ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದರು. ಉಂಡೆ ಬಾಯಿಗೆ ಹಾಕಿಕೊಂಡು, ಇವರ ಮುಖವನ್ನೇ ನೋಡಿ, "ನರ್ಸಮ್ಮ, ಅವತ್ತು ಒಂದು ಮಾತು ಕೇಳಿದ್ದೆ, ನೀವು ಬಾಯಿ ಮ್ಯಾಲೆ ಬೆರಳಿಟ್ಕೊಂಡು ಹೊಂಟೋದ್ರಿ" ಅಂದರು.

"ನೇಮ ಇತ್ತಮ್ಮ. ಈಗ ಕೇಳಿ."

"ಕೇಳೋದೇನು, ಹೇಳೋದು. ನೀವು ಸುತ್ತಿದ್ದು ನಮ್ಮ ಕಟ್ಟೆ ಕಣಮ್ಮ. ನೀರಿನ ಕಟ್ಟೆ. ಮೇಲ್ಗಡೆಯಿಂದ ಮಳೆನೀರು ಬಂದು ನಿಲ್ಲೋ ಜಾಗ. ನೀವು ಹತ್ತಿ ನಿಂತ್ರಲ್ಲ, ಅದು ನಮ್ಮತ್ತೆ ಬಟ್ಟೆ ಒಗೀತಿದ್ದ ಕಲ್ಲು. ಮದುವೆಯಾಗಿ ಬಂದ ಮೂರನೇ ದಿನಕ್ಕೆ ನನ್ನನ್ನೂ ಅಲ್ಲೇ ನಿಲ್ಸಿದ್ರು. ಸೊಂಟದ ಮಟ್ಟ ನೀರು ಇರೋದು. ಹತ್ತು ವರ್ಷದಿಂದ ಲಾರಿ ಮಣ್ಣು ಸುರಿದು ಸುರಿದು ಕಾಲುವೆ ಬಾಯೇ ಕಟ್ಟೋಗೈತೆ."

ಜೀವರತ್ನಮ್ಮ ಕೈಲಿದ್ದ ಉಂಡೆಯನ್ನು ಡಬ್ಬಿಗೇ ವಾಪಸ್ ಇಟ್ಟರು. ಅಷ್ಟರಲ್ಲಿ ತಿಮ್ಮರಾಯಪ್ಪ ಒಳಗಿನಿಂದ ಬಂದರು. ಮುಚ್ಚುಮರೆ ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. "ಕಟ್ಟೆ ಆದ್ರೇನಮ್ಮ, ಇವಾಗ ನೀರೆಲ್ಲೈತೆ? ನಿಮ್ಮ ಜಾಗದ ಹಿಂದ್ಗಡೆ ಹತ್ತು ಸೈಟ್ ಮಾಡ್ತಾವ್ನಿ. ನಾಳೆ ಯಾವನಾದ್ರೂ ಆಫೀಸರು ಕಟ್ಟೆ ಗಿಟ್ಟೆ ಅಂತ ಬಂದ್ರೆ, ಮುಂದೆ ದೇವರ ಮನೆ ನಿಂತಿರ್ತದೆ. ದೇವರ ಜಾಗ ಅಂದ್ರೆ ಯಾವನೂ ಮುಟ್ಟಲ್ಲ. ನಿಮಗೂ ಒಳ್ಳೇದು, ನಮಗೂ ಒಳ್ಳೇದು!" ಅಂತ ತಾವೂ ಒಂದು ಉಂಡೆ ಎತ್ತಿಕೊಂಡರು.

ಜೀವರತ್ನಮ್ಮ ಹೇಗೆ ಮನೆ ಸೇರಿದರೋ ಅವರಿಗೇ ಗೊತ್ತಿಲ್ಲ. ಮಂಚದ ಪಕ್ಕ ಮಂಡಿಯೂರಿ, "ಕರ್ತನೇ" ಅಂದರು. ಮುಂದೆ ಮಾತು ಬರಲಿಲ್ಲ. ಅವರ ಜೀವಮಾನದಲ್ಲೇ ಹಾಗಾಗಿರಲಿಲ್ಲ. ಆರು ವರ್ಷ ಕೇಳಿದ ಪ್ರಾರ್ಥನೆ, ಸಿಕ್ಕಿದ ಉತ್ತರ, ಅದನ್ನು ಬೇಡ ಅನ್ನೋದು ಹೇಗೆ? ಬೇಡ ಅಂದರೆ ಕ್ರಿಸ್‌ಮಸ್ಸಿಗೆ ಮೂವತ್ತು ಕುಟುಂಬ ಬೀದಿಯಲ್ಲಿ. ಬೇಕು ಅಂದರೆ ಆ ದೇವರು ತನ್ನ ಕೈಯಾರೆ ತೋಡಿಟ್ಟ ನೀರಿನ ಜಾಗಕ್ಕೆ ಅವನ ಹೆಸರಿನದೇ ಬೀಗ! ಅವರಿಗೆ ನಾಚಿಕೆಯಾಯಿತು. ಕಿವಿ ಕೆಂಪಾಗುವಷ್ಟು ನಾಚಿಕೆ.

ಸಂಜೆ ನಾಲ್ಕಕ್ಕೆ ಮಳೆ ಹಿಡಿಯಿತು. ಎಂಥಾ ಮಳೆ ಅಂತೀರಿ, ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳೆಲ್ಲ ನಿಂತುಬಿಟ್ಟಿದ್ದವಂತೆ. ಮಳೆ ಸ್ವಲ್ಪ ತಗ್ಗಿದ ಕೂಡಲೇ ಜೀವರತ್ನಮ್ಮ ಛತ್ರಿ ಹಿಡಿದು ಬಯಲಿಗೆ ಹೋದರು. ಮೂರೂ ಕಡೆ ಬೀದಿಯಿಂದ ನೀರು ಇಳಿದು ಬರುತ್ತಿತ್ತು. ಇಟ್ಟಿಗೆ ರಾಶಿ ಅಡ್ಡ ಬಂದರೆ ಬಳಸಿಕೊಂಡು, ಮುಳ್ಳುಗಿಡದ ಬುಡ ಹಾದು, ಕಲ್ಲಿನ ಹತ್ತಿರ ಬಂದು ನಿಲ್ಲುತ್ತಿತ್ತು. ಎಲ್ಲಿದ್ದವೋ ಏನೋ, ಕಪ್ಪೆಗಳು ಆಗಲೇ ಕೂಗೋಕೆ ಶುರು. ಹತ್ತು ವರ್ಷ ಮಣ್ಣು ಸುರಿದರೂ ನೀರು ದಾರಿ ಮರೆತಿರಲಿಲ್ಲ. ಜೀವರತ್ನಮ್ಮ ಛತ್ರಿ ಮಡಚಿ ನೆನೆಯುತ್ತಾ ನಿಂತರು. ಆಮೇಲೆ ಒಬ್ಬರೇ ಗಟ್ಟಿಯಾಗಿ ನಕ್ಕರು. "ಅಯ್ಯೋ ನನ್ನ ದಡ್ಡತನವೇ! ನಾನು ಏಳು ದಿನ ಸುತ್ತಿದ್ದಕ್ಕೆ ಉತ್ತರ ಇದೇ ಅಲ್ವಾ ಕರ್ತನೇ. ನೀನು ಜಾಗ ತೋರಿಸಿದೆ, ಯಾರ ಜಾಗ ಅಂತ ನಾನು ಕೇಳಲಿಲ್ಲ" ಅಂದರು.

ಭಾನುವಾರ ಕೋಣೆ ತುಂಬಿತ್ತು. ಕೆಳಗೆ ಯಾರೋ ಮದುವೆ ಮನೆಯವರು ಮೆಣಸಿನಕಾಯಿ ತಂದಿದ್ದರು. ಜೀವರತ್ನಮ್ಮ ಎದ್ದರು. ಎಲ್ಲರೂ ಉದ್ದದ ಸಾಕ್ಷಿಗೆ ತಯಾರಾಗಿ ಕಾಲು ಸಡಿಲ ಮಾಡಿಕೊಂಡು ಕೂತರು.

"ನಾವು ಅಲ್ಲಿ ಕಟ್ಟೋದು ಬೇಡ" ಅಂದರು ಜೀವರತ್ನಮ್ಮ.

ಒಬ್ಬರೂ ಸೀನಲಿಲ್ಲ. ಅವರು ಲಕ್ಷ್ಮಿದೇವಮ್ಮ ಹೇಳಿದ್ದನ್ನೂ ತಿಮ್ಮರಾಯಪ್ಪ ಹೇಳಿದ್ದನ್ನೂ ಒಂದಕ್ಷರ ಬಿಡದೆ ಹೇಳಿದರು. ಜಯಶೀಲ ಎದ್ದು ನಿಂತ. "ಅಮ್ಮಾ, ಸುತ್ತೋಣ ಅಂದಿದ್ದು ನೀವು. ಕಲ್ಲು ಹತ್ತಿದ್ದು ನೀವು. ಎಲ್ಲರಿಗಿಂತ ಜೋರಾಗಿ ಆಮೆನ್ ಅಂದಿದ್ದೂ ನೀವೇ. ಈಗ ಆಮೆನ್ ವಾಪಸ್ ತಗೋತೀರಾ? ಹಾಗೆಲ್ಲ ತಗೊಳ್ಳೋಕೆ ಆಗುತ್ತಾ?"

"ತಪ್ಪು ಇಂಜೆಕ್ಷನ್ ಎತ್ತಿಕೊಂಡಿದ್ದೀನಿ ಅಂತ ಗೊತ್ತಾದ ಮೇಲೂ ಚುಚ್ಚು ಅಂತೀಯೇನಪ್ಪಾ? ಜಯಶೀಲ, ನನಗೂ ಹೊಟ್ಟೆ ಉರೀತಾ ಇದೆ. ನನ್ನ ಮಾತು ಬೇಡ. ಎಲ್ಲರೂ ಏಳಿ, ಹೋಗಿ ನೋಡ್ಕೊಂಡು ಬರೋಣ."

ಅಯ್ಯನೋರು ಬೈಬಲ್ ಮುಚ್ಚಿ ಮೇಜಿನ ಮೇಲಿಟ್ಟರು. ಆಮೇಲೆ ಚಪ್ಪಲಿ ಮೆಟ್ಟಿ ಮೊದಲು ಇಳಿದವರು ಅವರೇ. ಮೂವತ್ತು ಕುಟುಂಬ ಸೀನುತ್ತಾ ಮೆಟ್ಟಿಲಿಳಿದು ಬಯಲಿಗೆ ನಡೆಯಿತು. ಶುಕ್ರವಾರದ ನೀರು ಇನ್ನೂ ನಿಂತಿತ್ತು, ಕಲ್ಲಿನ ಅರ್ಧದವರೆಗೆ. ಎರಡು ಬೆಳ್ಳಕ್ಕಿ ಬಂದು ಇಳಿದಿದ್ದವು. ಅಯ್ಯನೋರು ಪ್ಯಾಂಟು ಮಡಚಿ ನೀರಿಗಿಳಿದು ಕಲ್ಲು ಮುಟ್ಟಿ ನೋಡಿದರು.

"ಇಲ್ಲಿ ಕಟ್ಟಿದ್ರೆ ಈ ನೀರು ಎಲ್ಲಿಗೆ ಹೋಗುತ್ತೆ?" ಅಂತ ಯಾರನ್ನೂ ಅಲ್ಲದ ಹಾಗೆ ಕೇಳಿದರು.

"ನಮ್ಮನೆಗೆ ಅಯ್ಯನೋರೇ" ಅಂದಳು ದಾನಮ್ಮ. ಹಿಂದೆ ನಿಂತಿದ್ದವಳು. ಕೆಳಗಿನ ಓಣಿಯಲ್ಲಿ ಅವಳದು ಶೀಟಿನ ಮನೆ. "ಹೋದ ವರ್ಷ ಮಂಚದವರೆಗೂ ಬಂದಿತ್ತು. ಯಾಕೆ ಬರ್ತದೆ ಅಂತಾನೇ ತಿಳೀತಿರಲಿಲ್ಲ. ಗೋಡೆ ನಿಲ್ಲಲಿ ಅಂತ ದಿನಾ ಪ್ರಾರ್ಥನೆ ಮಾಡ್ತಿದ್ದೆ."

ಜಯಶೀಲ ದಾನಮ್ಮನ ಮುಖ ನೋಡಿದ, ನೀರು ನೋಡಿದ. ತಲೆ ತಗ್ಗಿಸಿದ. ಕಟ್ಟಬೇಕೋ ಬೇಡವೋ ಅಂತ ಕೈ ಎತ್ತಿಸುವ ಅಗತ್ಯವೇ ಬೀಳಲಿಲ್ಲ.

ಗದ್ದಲ ಕೇಳಿ ತಿಮ್ಮರಾಯಪ್ಪ ಇಳಿದು ಬಂದರು. ವಿಷಯ ತಿಳಿದು ಮುಖ ಕೆಂಪಾಯಿತು. "ಪುಕ್ಕಟೆ ಕೊಟ್ರೆ ಬೇಡ ಅಂತೀರಾ? ಹಂಗಾರೆ ಪತ್ರ ವಾಪಸ್ ಬರೆದುಕೊಡಿ!"

"ಬೇಡ ಅಂದೋರು ಯಾರಣ್ಣ?" ಅಂದರು ಜೀವರತ್ನಮ್ಮ. ಆ ಕ್ಷಣದವರೆಗೂ ಅವರು ಅದನ್ನು ಯೋಚಿಸಿಯೇ ಇರಲಿಲ್ಲ, ಬಾಯಿಗೆ ಬಂತು, ಬಂದದ್ದೇ ಸರಿ ಅನ್ನಿಸಿತು. "ನೀವು ಕೊಟ್ಟಿದ್ದು ನಮಗೆ ಬಂತು. ಕಟ್ಟೋದು ಬೇಡ ಅಂದೆವು ಅಷ್ಟೇ. ನಮ್ಮ ನಲವತ್ತು ಅರವತ್ತನ್ನ ನಾವು ನೀರಿಗೆ ಬಿಟ್ಟುಕೊಟ್ಟಿದ್ದೀವಿ. ದೇವರ ಜಾಗ ಅಂದ್ರೆ ಯಾವನೂ ಮುಟ್ಟಲ್ಲ ಅಂತ ನೀವೇ ಹೇಳಿದ್ರಲ್ಲ? ಹಾಗೇ ಆಗಲಿ. ಇನ್ನು ಮೇಲೆ ಒಂದು ಲಾರಿ ಮಣ್ಣು ಇಲ್ಲಿ ಬೀಳಬಾರದು."

ತಿಮ್ಮರಾಯಪ್ಪ ಒಮ್ಮೆ ಕಲ್ಲು ನೋಡಿದರು, ಒಮ್ಮೆ ತಮ್ಮ ಸೈಟಿನ ಕಡೆ ನೋಡಿದರು. ಕಟ್ಟೆಗೆ ನೀರು ತರೋ ಕಾಲುವೆ ಬಾಯಿ ಇದ್ದದ್ದೇ ಆ ಕಲ್ಲಿನ ಪಕ್ಕ, ಅವರು ಕೊಟ್ಟ ಜಾಗದ ನಟ್ಟನಡುವೆ. ಅದು ತೆರೆದುಕೊಂಡರೆ ಕಟ್ಟೆ ತುಂಬಿ ಹಿಂದಿನ ಹತ್ತು ಸೈಟಿಗೂ ನೀರೇ ಗತಿ. ಬೇಲಿ ಆಚೆ ಲಕ್ಷ್ಮಿದೇವಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು, ನಲವತ್ತು ವರ್ಷದ ಸಂಸಾರದಲ್ಲಿ ಆ ಗಂಡನನ್ನು ಅವರ ಮಾತಲ್ಲೇ ಯಾರಾದರೂ ಕಟ್ಟಿಹಾಕಿದ್ದು ನೋಡಿದ್ದು ಅವತ್ತೇ ಇರಬೇಕು.

ಮುಂದಿನ ಶನಿವಾರದಿಂದ ಕಟ್ಟೆಯ ಮಣ್ಣು ತೆಗೆಯೋ ಕೆಲಸ, ಮತ್ತೆ ಏಳರ ಲೆಕ್ಕವೇ, ಆದರೆ ಏಳು ದಿನವಲ್ಲ, ಏಳು ವಾರ. ಈ ಸಲ ಕೈಯಲ್ಲಿ ಬಾಂಡ್ಲಿ, ಗುದ್ದಲಿ, ಹಾರೆ. ಮೌನದ ನೇಮ ಇರಲಿಲ್ಲ, ಜೀವರತ್ನಮ್ಮನೇ ತೆಗೆದುಹಾಕಿದ್ದರು. "ಬಾಯಿ ಮುಚ್ಚಿಕೊಂಡಿದ್ದಕ್ಕೇ ಇಷ್ಟೆಲ್ಲ ಆಯ್ತು, ಹಾಡ್ಕೊಂಡು ಅಗೀರಿ" ಅಂದರು. ಮೊದಲ ವಾರ ಹನ್ನೊಂದು ಜನ. ಎರಡನೇ ವಾರ ಲಕ್ಷ್ಮಿದೇವಮ್ಮ ಬೇಲಿ ದಾಟಿ ಬಂದು, "ಅಲ್ಲಲ್ಲ ಕಣಯ್ಯ, ಕಾಲುವೆ ಆ ಕಡೆ" ಅಂತ ಜಯಶೀಲನ ಕೈಯಿಂದ ಗುದ್ದಲಿ ಕಿತ್ತು ಗೆರೆ ಎಳೆದು ತೋರಿಸಿದರು. ನಾಲ್ಕನೇ ವಾರಕ್ಕೆ ಕೆಳಗಿನ ಓಣಿಯವರೆಲ್ಲ ಇಳಿದಿದ್ದರು. ಅವರಿಗೆ ಯೆರಿಕೋನೂ ಗೊತ್ತಿಲ್ಲ, ಆಮೆನ್ನೂ ಗೊತ್ತಿಲ್ಲ, ಮನೆಗೆ ನೀರು ನುಗ್ಗೋದು ಗೊತ್ತಿತ್ತು. ಅಯ್ಯನೋರ ಅಂಗೈ ತುಂಬ ಬೊಬ್ಬೆ, ಪ್ರಸಂಗ ಮಾಡುವಾಗ ಅದನ್ನೇ ಎತ್ತಿ ಎತ್ತಿ ತೋರಿಸುತ್ತಿದ್ದರು. "ಇದೂ ಪ್ರಾರ್ಥನೆಯೇ" ಅನ್ನೋರು. ಸೆಪ್ಟೆಂಬರಿನ ಮಳೆ ಬಂತು, ಅಕ್ಟೋಬರಿನದೂ ಬಂತು. ದಾನಮ್ಮನ ಮಂಚದ ಕಾಲು ಆ ವರ್ಷ ನೆನೆಯಲಿಲ್ಲ.

ಆದರೆ ಜಾಗ? ಜಾಗ ಸಿಕ್ಕಿರಲಿಲ್ಲ. ಡಿಸೆಂಬರ್ ಬಂತು, ಶಂಭುಲಿಂಗಪ್ಪನವರು ಬಣ್ಣ ಬಳಿಯುವವರನ್ನೂ ಕರೆಸಿದರು. "ಕೊಡ್ತಾನೆ ಬಿಡಿ, ಕೊಡದೆ ಎಲ್ಲಿಗೆ ಹೋಗ್ತಾನೆ" ಅಂತ ಜೀವರತ್ನಮ್ಮ ಎಲ್ಲರಿಗೂ ಹೇಳುತ್ತಿದ್ದರು. ಮಿಲ್ಲಿನ ಮೇಲಿನ ಕೊನೆಯ ಆರಾಧನೆ ಮುಗಿದ ಮರುದಿನ, ಸೋಮವಾರ, ಕೆಂಪಗಾದ ಮೇಜಿನ ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಕಟ್ಟೆ ದಾರಿಯಲ್ಲಿ ಬರುತ್ತಿದ್ದಾಗ ಲಕ್ಷ್ಮಿದೇವಮ್ಮ ಬೇಲಿಯಿಂದ ಕರೆದರು.

"ನರ್ಸಮ್ಮ, ಎಲ್ಲಿ ಮಾಡ್ತೀರಿ ನಿಮ್ಮ ಹಬ್ಬ?"

"ಇನ್ನೂ ತಿಳೀದಮ್ಮ."

"ನಮ್ಮ ಮಾಳಿಗೆ ಮ್ಯಾಲೆ ಖಾಲಿ ಐತೆ. ಶಾಮಿಯಾನ ಹಾಕ್ಕೊಳ್ಳಿ. ಹಬ್ಬ ಆದ್ಮೇಲೂ ಇರಿ. ನಮ್ಮೆಜಮಾನ್ರು ಮೂರು ದಿನ ಮುಖ ಊದಿಸ್ಕೊಂಡಿದ್ರು, ನಿನ್ನೆ 'ಮೆಟ್ಟಿಲ ಮ್ಯಾಲೆ ಚಪ್ಪಲಿ ಬಿಡಬಾರ್ದು ಅಂತ ಹೇಳು' ಅಂದ್ರು. ಹಂಗಂದ್ರೆ ಒಪ್ಪಿದಂಗೇ." ಅಷ್ಟು ಹೇಳಿ ಚೀಲಕ್ಕೆ ಕೈ ಹಾಕಿದರು. "ಇದೇನು, ಖಾರದ ಪುಡೀಲಿ ಅದ್ದಿದಂಗೆ? ಕೊಡಿ ಇಲ್ಲಿ."

ಜೀವರತ್ನಮ್ಮ ಬೇಡ ಬೇಡ ಅನ್ನುತ್ತಿದ್ದರೂ ಲಕ್ಷ್ಮಿದೇವಮ್ಮ ಕೇಳಲಿಲ್ಲ. ಆ ನೋಯುವ ಮಂಡಿ ಹೊತ್ತುಕೊಂಡು ಕಟ್ಟೆಗೆ ಇಳಿದರು. ಸೋಪು ತರಲಾ ಅಂದದ್ದಕ್ಕೆ, "ಸೋಪು ಬ್ಯಾಡ, ಕಟ್ಟೆಗೆ ಆಗಲ್ಲ" ಅಂದರು. ಮೊಣಕಾಲ ಮಟ್ಟ ನೀರು. ಬಟ್ಟೆ ಅದ್ದಿ ಎತ್ತಿ ಕಲ್ಲಿಗೆ ಒಂದು ಬಡಿತ ಬಡಿದರು ನೋಡಿ, ಆಚೆ ದಡದಿಂದ ಬೆಳ್ಳಕ್ಕಿ ಎದ್ದು ಹಾರಿತು. ಹನಿ ಜೀವರತ್ನಮ್ಮನ ಕನ್ನಡಕದ ಮೇಲೆಲ್ಲ ಸಿಡಿಯಿತು. ಲಕ್ಷ್ಮಿದೇವಮ್ಮನ ಕಣ್ಣು ತುಂಬಿತ್ತು, ಅವರು ಒರೆಸಿಕೊಳ್ಳಲಿಲ್ಲ. "ಹತ್ತು ವರ್ಷ ಆಗಿತ್ತಮ್ಮ ಈ ಕಲ್ಲಿಗೆ ಬಟ್ಟೆ ಬಡಿದು. ಸಾಯೋದ್ರೊಳಗೆ ಬಡೀತೀನಿ ಅಂದ್ಕೊಂಡಿರಲಿಲ್ಲ" ಅಂದರು.

ಬಟ್ಟೆ ಬೆಳ್ಳಗಾಯಿತು.

"ಅದೇನೋ ಉದ್ದಕ್ಕೆ ಪ್ರಾರ್ಥನೆ ಮಾಡ್ತೀರಂತಲ್ಲ, ಮಾಡಿ, ನಾನೂ ಕೇಳ್ತೀನಿ" ಅಂದರು ಲಕ್ಷ್ಮಿದೇವಮ್ಮ.

ಜೀವರತ್ನಮ್ಮ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು, ಕೈ ಜೋಡಿಸಿದರು, ಕಣ್ಣು ಮುಚ್ಚಿದರು. ಹೇಳೋದು ಬೇಕಾದಷ್ಟಿತ್ತು. ಮಿಲ್ಲು, ಮಾಳಿಗೆ, ದಾನಮ್ಮನ ಗೋಡೆ, ಈ ಹೆಂಗಸಿನ ಮಂಡಿ, ಹಿಂದಿನ ಹತ್ತು ಸೈಟು. ನೀರು ಕಾಲಿಗೆ ತಣ್ಣಗೆ ತಾಗುತ್ತಿತ್ತು.

"ಆಮೆನ್" ಅಂದರು.

ಲಕ್ಷ್ಮಿದೇವಮ್ಮ ಕಾದರು. "ಅಷ್ಟೇನಾ? ಆಗೋಯ್ತಾ?" ಅಂದರು.

"ಆಗೋಯ್ತು" ಅಂದ ಜೀವರತ್ನಮ್ಮ ಬಟ್ಟೆಯ ಇನ್ನೊಂದು ತುದಿ ಹಿಡಿದು ಹಿಂಡೋಕೆ ನಿಂತರು.